ಸಹಾಯ ಬೇಕು: ಡೇಟಾಬೇಸ್, ವೆಬ್ ಪ್ರೋಗ್ರಾಮಿಂಗ್ ಕಲಿಯಲು ಯಾವ ಪುಸ್ತಕ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು, ಓದಿದ್ದು ಬಿ.ಕಾಂ. ಯಾವ ರೈತರು ಎಷ್ಟು ಬಾಕ್ಸ್ ತಂದರು, ಹರಾಜಿನಲ್ಲಿ ಏನು ದರ ಸಿಕ್ಕಿತು, ಯಾರಿಗೆ ಎಷ್ಟು ಬಾಕಿ ಎಂಬುದೆಲ್ಲ ಮೊಬೈಲಿನಲ್ಲಿ ಕಾಣುವಂತೆ ಪುಟ್ಟ ಜಾಲತಾಣವೊಂದನ್ನು ನಾನೇ ಮಾಡಬೇಕೆಂಬ ಹುಚ್ಚು ಹತ್ತಿದೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 150 ರೂಪಾಯಿಗೆ ಜಾಲತಾಣ ಮಾಡಲು ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯ ಹಳೆಯ ಪುಸ್ತಕವೊಂದನ್ನು ತಂದೆ. ಅದರಲ್ಲಿದ್ದಂತೆಯೇ ಡೇಟಾಬೇಸ್ ಜೋಡಿಸುವ ಸಾಲು ಬರೆದರೆ, ಅಂಥದೊಂದು ಫಂಕ್ಷನ್ನೇ ಇಲ್ಲ ಎಂದಿತು ಕಂಪ್ಯೂಟರ್. ಎರಡು ರಾತ್ರಿ ಅಕ್ಷರದೋಷ ಹುಡುಕಿದೆ. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿದ್ದಾರೆ, ಈಗ ಡೇಟಾಬೇಸ್ ಜೋಡಿಸಲು ಪಿಎಚ್‌ಪಿಯಲ್ಲಿರುವ ಮೈಎಸ್‌ಕ್ಯೂಎಲ್‌ಐ ಅಥವಾ ಪಿಡಿಒ ಎಂಬ ಸವಲತ್ತು ಬಳಸಬೇಕು ಎಂದು ಆಮೇಲೆ ತಿಳಿಯಿತು. ಮುದ್ರಣದ ವರ್ಷ ನೋಡದೆ ಕೊಂಡದ್ದು ನನ್ನದೇ ತಪ್ಪು.

ಇನ್ನೊಂದು ಪೇಚಾಟ. ನನ್ನ ಟೇಬಲ್ಲಿನ ಪ್ರತಿ ಸಾಲಿನಲ್ಲೂ ರೈತರ ಹೆಸರು, ಫೋನ್ ನಂಬರ್ ಇವೆ. ಮುಳಬಾಗಿಲಿನವರೊಬ್ಬರು ನಂಬರ್ ಬದಲಿಸಿದಾಗ 43 ಕಡೆ ತಿದ್ದಿದೆ. ಒಂದೇ ಮಾಹಿತಿ ಹಲವು ಕಡೆ ಬಾರದಂತೆ ಟೇಬಲ್ ವಿಂಗಡಿಸುವ ನಾರ್ಮಲೈಸೇಶನ್ ಓದಿಕೋ ಮಾವ ಎಂದು ಅಕ್ಕನ ಮಗಳು ತನ್ನ ಕಾಲೇಜಿನ ಪುಸ್ತಕ ಕೊಟ್ಟಳು. ಸಿಲ್ಬರ್‌ಶಾಟ್ಸ್, ಕಾರ್ತ್, ಸುದರ್ಶನ್ ಬರೆದದ್ದು. ಗಟ್ಟಿ ಪುಸ್ತಕ, ದಿಂಬಿನಷ್ಟು ದಪ್ಪ. ಟೇಬಲ್ಲುಗಳ ಗಣಿತವಾದ ರಿಲೇಶನಲ್ ಆಲ್ಜೀಬ್ರಾ ಬಂದೊಡನೆ ದಿಂಬಾಗಿಯೇ ಬಳಕೆಯಾಯಿತು.

ಮೊದಲು ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಕಲಿಯಲೇ, ವೆಬ್ ಪುಟ ರೂಪಿಸುವ ಎಚ್‌ಟಿಎಂಎಲ್ ಕಲಿಯಲೇ? ಪಿಎಚ್‌ಪಿ ಬಿಟ್ಟು ಪೈಥಾನ್ ಹಿಡಿಯಲೇ? ಅಭ್ಯಾಸಗಳಿರುವ, ಎಸ್‌ಕ್ಯೂಎಲ್ ಇಂಜೆಕ್ಷನ್ (ಜಾಲತಾಣದಲ್ಲಿ ತುಂಬುವ ಮಾಹಿತಿಯೊಳಗೆ ಕಿಡಿಗೇಡಿ ಆಜ್ಞೆ ತೂರಿಸಿ ಡೇಟಾಬೇಸಿಗೆ ನುಗ್ಗುವ ದಾಳಿ) ತಡೆಯುವುದನ್ನೂ ಹೇಳಿಕೊಡುವ ಪುಸ್ತಕವಿದ್ದರೆ ಆವೃತ್ತಿಯ ಸಮೇತ ತಿಳಿಸಿ. ಕನ್ನಡದಲ್ಲಿದ್ದರಂತೂ ಪುಣ್ಯ. ಕೋಲಾರದಲ್ಲೇ ಯಾರ ಬಳಿಯಾದರೂ ಪ್ರತಿ ಇದ್ದರೆ, ಸಂಜೆ ಮಂಡಿ ಮುಗಿಸಿ ನಾನೇ ಬಂದು ತೆಗೆದುಕೊಳ್ಳುತ್ತೇನೆ.