ಏಳು ಸೀಟಿನ ಗಾಡಿಯ ಬ್ರೇಕ್ ತೊಂದರೆ: ಸಾಬೀತು ಮಾಡೋದು ಹೇಗೆ?

ನಮಸ್ಕಾರ, ಮಂಡ್ಯದವನು. ಮನೆಮಂದಿಗೆಲ್ಲ ಆಗಲಿ ಅಂತ ಕಳೆದ ವರ್ಷ ಬೆಂಗಳೂರಿನ ಶೋರೂಮಿನಲ್ಲಿ ಏಳು ಸೀಟಿನ ಎಸ್‌ಯುವಿ ತಗೊಂಡೆವು. ಈಗ ಓಡಿಸುವಾಗಲೇ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗುತ್ತದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವಂತೆ ಸರಿಹೋಗುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ಹೀಗಾದಾಗ ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು ಇದ್ದರು.

ಮೈಸೂರಿನ ಸರ್ವಿಸ್ ಸೆಂಟರಿನವರು ಬ್ರೇಕ್ ಆಯಿಲ್ ಬದಲಿಸಿದರು. ಆದರೂ ಅದೇ ಕತೆ. 'ಸ್ಕ್ಯಾನರ್‌ನಲ್ಲಿ ಏನೂ ಬರ್ತಿಲ್ಲ ಸಾರ್' ಅಂತಾರೆ. ಸರ್ವಿಸ್ ವಿವರ ಬರೆದುಕೊಡುವ ಜಾಬ್ ಕಾರ್ಡಿನಲ್ಲೂ 'ತೊಂದರೆ ಕಂಡುಬಂದಿಲ್ಲ' ಎಂದು ಬರೆದು ಕೈತೊಳೆದುಕೊಂಡರು. ಗಾಡಿ ಅವರ ಕಣ್ಣೆದುರೇ ಕೆಡಬೇಕಂತೆ! ಕಂಪನಿಗೆ ಮೇಲ್ ಹಾಕಿದೆ, 1915 ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. ಕಂಪನಿಯದೂ ಅದೇ ಉತ್ತರ, ಬದಲಾಗಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಎಲ್ಲಿ ಕೊಂಡರೂ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಅಷ್ಟು ಗೊತ್ತು. ಆದರೆ ಹೀಗೆ ಬಂದು ಹೋಗುವ ದೋಷಕ್ಕೆ ಡ್ಯಾಶ್‌ಬೋರ್ಡಿನ ವಿಡಿಯೊ, ಜಾಬ್ ಕಾರ್ಡ್ ಸಾಕಾಗುತ್ತವಾ? ಇಲ್ಲಾ, ದೂರು ಹಾಕುವ ಮೊದಲೇ ಹೊರಗಿನ ತಜ್ಞರ ವರದಿ ಬೇಕೇ ಬೇಕಾ? ಬೇಕಾದರೆ ಮಂಡ್ಯ, ಮೈಸೂರು ಕಡೆ ಅದನ್ನು ಯಾರು ಕೊಡುತ್ತಾರೆ? ಇಂಥ ಕೇಸ್ ಹಾಕಿದವರು ಇದ್ದರೆ ದಯವಿಟ್ಟು ತಿಳಿಸಿ.