500 ಕೆಸಿಮಿಲ್ ವೈರ್‌ಗೆ 10 ಇಂಚು ಜಾಗ ಸಾಲಲ್ವಾ? ಎನ್‌ಇಸಿ (ಅಮೆರಿಕದ ವೈರಿಂಗ್ ಕೋಡ್) ಗೊತ್ತಿರೋರು ಹೇಳಿ

ಪೀಣ್ಯ_ಡ್ರಾಯಿಂಗ್: ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಕೂತು ಟೆಕ್ಸಾಸ್‌ನ ಒಂದು ವೇರ್‌ಹೌಸ್‌ಗೆ ಡ್ರಾಯಿಂಗ್ ಮಾಡ್ತಿದೀವಿ. ಹೊರಗಡೆ ಗೋಡೆ ಮೇಲೆ ಒಂದು ಕ್ಯಾಬಿನೆಟ್, ಒಳಗೆ ಟರ್ಮಿನಲ್ ಬ್ಲಾಕ್, ಫೇಸ್‌ಗೊಂದು 500 ಕೆಸಿಮಿಲ್ (ಅಮೆರಿಕದಲ್ಲಿ ದಪ್ಪ ವೈರಿನ ಸೈಜು ಹೇಳೋ ಅಳತೆ) ಕಾಪರ್ ವೈರ್, 3 ಇಂಚಿನ ಕಾಂಡ್ಯೂಟ್ (ವೈರ್ ಹೋಗೋ ಪೈಪ್) ಕೆಳಗಡೆಯಿಂದ ನೇರ ಲಗ್ (ವೈರಿನ ತುದಿ ಬಿಗಿಯೋ ಟರ್ಮಿನಲ್) ಎದುರಿಗೇ ಬರುತ್ತೆ. ಲಗ್‌ನಿಂದ ಕೆಳಗಿನ ಗೋಡೆಗೆ 10 ಇಂಚು ಬಿಟ್ಟಿದೀವಿ. ಪಕ್ಕದಲ್ಲೇ 24 ಇಂಚು ಚೌಕದ ಪುಲ್ ಬಾಕ್ಸ್ (ವೈರ್ ಎಳೆಯೋಕೆ ಮಧ್ಯೆ ಇಡೋ ಬಾಕ್ಸ್), ಎಡಗಡೆಯಿಂದ ಎರಡು 3 ಇಂಚು, ಒಂದು 2 ಇಂಚು ಕಾಂಡ್ಯೂಟ್ ಬಂದು ಹಾಗೇ ಕೆಳಗಡೆ ತಿರುಗಿ ಹೋಗುತ್ತೆ. ಕ್ಲೈಂಟ್ ಎರಡಕ್ಕೂ ಕೆಂಪು ಮಾರ್ಕ್ ಹಾಕಿ ವಾಪಸ್ ಕಳಿಸಿದಾನೆ, ಕಾರಣ ಬರೆದಿಲ್ಲ. ನಮ್ಮಲ್ಲಾದ್ರೆ ಗ್ಲ್ಯಾಂಡ್ ಪ್ಲೇಟ್ (ಕೇಬಲ್ ಒಳಗೆ ಬರೋ ಪ್ಲೇಟ್) ಹಾಕಿ ಕೇಬಲ್ ಓಡಿಯ (ಹೊರ ವ್ಯಾಸದ) 12 ಪಟ್ಟು ಅಂತ ಬೆಂಡ್ ರೇಡಿಯಸ್ ನೋಡ್ಕೊಂಡ್ರೆ ಮುಗೀತು, ಅಲ್ಲಿ ಏನ್ ಲೆಕ್ಕ?

ಡಲ್ಲಾಸ್_ಕರೆಂಟು: ಸರ್, ಅಲ್ಲಿ ಸಾದಾ 600 ವೋಲ್ಟ್ ಬಿಲ್ಡಿಂಗ್ ವೈರ್‌ಗೆ ರೇಡಿಯಸ್ ಅಳೆಯಲ್ಲ, ಲಗ್‌ನಿಂದ ಗೋಡೆಗೆ ಎಷ್ಟು ಜಾಗ ಇದೆ ಅಂತ ಅಳೀತಾರೆ. ಎನ್‌ಇಸಿಯ ಸೆಕ್ಷನ್ 312.6ರಲ್ಲಿ ಎರಡು ಟೇಬಲ್ ಇದೆ. ವೈರು ಲಗ್‌ಗೆ ಎದುರಿನ ಗೋಡೆಯಿಂದಲೇ ಒಳಗೆ ಬಂದ್ರೆ ಟೇಬಲ್ ಬಿ, ಬೇರೆ ಗೋಡೆಯಿಂದ ಬಂದ್ರೆ ಟೇಬಲ್ ಎ. 500 ಕೆಸಿಮಿಲ್, ಲಗ್‌ಗೆ ಒಂದೇ ವೈರ್ ಅಂದ್ರೆ ಎ ಪ್ರಕಾರ 6 ಇಂಚು, ಬಿ ಪ್ರಕಾರ 14. ಎದುರಿಂದ ಬರೋ ದಪ್ಪ ವೈರು ಲಗ್‌ಗೆ ಸರಿಯಾಗಿ ನೇರಕ್ಕೆ ಸಿಗೋದು ಅಪರೂಪ, ಅದನ್ನ ಎಸ್ ಥರ ಎರಡು ಸಲ ಬಗ್ಗಿಸ್ಬೇಕು, ಅದಕ್ಕೇ ಅಷ್ಟು ಜಾಗ. ಬಿಚ್ಚಿ ತೆಗೆಯೋ ಲಗ್ ಅಥವಾ ಲೇ-ಇನ್ ಲಗ್ (ವೈರನ್ನ ತೂರಿಸದೆ ಮೇಲಿಂದ ಇಟ್ಟು ಬಿಗಿಯೋದು) ಆದ್ರೆ 3 ಇಂಚು ಕಮ್ಮಿ ಮಾಡಬಹುದು, ಆಗ್ಲೂ 11. ನಿಮ್ಮದು 10.

ಹುಬ್ಬಳ್ಳಿ_ಮಂದಿ: ಹಂಗಾರ ಕಾಂಡ್ಯೂಟ್ ಪಕ್ಕದ ಗೋಡಿಗೆ ತಂದ್ರ ಮುಗೀತಲ್ರೀ, 6 ಸಾಕು, 10 ಐತಿ.

ಡಲ್ಲಾಸ್_ಕರೆಂಟು: ಹೌದು, ಆದ್ರೆ ಹೊರಗಡೆ ಮಳೆಗೆ ಸಿಗೋ ಕ್ಯಾಬಿನೆಟ್ ಅದು. ತೆರೆದಿರೋ ಲೈವ್ ಭಾಗಕ್ಕಿಂತ ಮೇಲಿನ ಮಟ್ಟದಲ್ಲಿ ಕಾಂಡ್ಯೂಟ್ ಒಳಗೆ ಬಂದ್ರೆ ಫಿಟ್ಟಿಂಗು ವೆಟ್ ಲೊಕೇಶನ್‌ಗೆ (ಒದ್ದೆಯಾಗೋ ಜಾಗಕ್ಕೆ) ಲಿಸ್ಟ್ ಆಗಿರೋದೇ, ಅಂದ್ರೆ ಪರೀಕ್ಷೆ ಮಾಡಿ ಒಪ್ಪಿರೋದೇ ಬೇಕು, 312.2 ನೋಡಿ. ಹಾಗಾಗಿ ಪಕ್ಕದಲ್ಲೇ ತರೋದಾದ್ರೂ ಲಗ್‌ಗಿಂತ ಕೆಳಗೇ ತನ್ನಿ. ಮತ್ತೆ 4 ಎಡಬ್ಲ್ಯುಜಿ (ಅಮೆರಿಕದ ವೈರ್ ಗೇಜ್ ಸೈಜು) ಮತ್ತು ಅದಕ್ಕಿಂತ ದಪ್ಪದ ವೈರ್ ಬರೋ ಕಡೆ ಇನ್ಸುಲೇಟೆಡ್ ಬುಷಿಂಗ್ (ಪೈಪಿನ ಅಂಚಿಗೆ ವೈರ್ ಉಜ್ಜದ ಹಾಗೆ ಹಾಕೋ ಬಳೆ) ತೋರಿಸಿ, ಬರೀ ಲಾಕ್‌ನಟ್ (ಪೈಪನ್ನ ಬಾಕ್ಸಿಗೆ ಬಿಗಿಯೋ ನಟ್) ತೋರಿಸಿದ್ರೆ ಮತ್ತೆ ಕೆಂಪು ಮಾರ್ಕ್ ಗ್ಯಾರಂಟಿ 😀

ಪುಲ್‌ಬಾಕ್ಸ್_ಪುರಾಣ: ಪುಲ್ ಬಾಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ. ಅದು 314.28. ನೇರ ಎಳೆಯೋದಾದ್ರೆ ದೊಡ್ಡ ಕಾಂಡ್ಯೂಟ್ ಸೈಜಿನ 8 ಪಟ್ಟು ಉದ್ದ, 3 ಇಂಚಿಗೆ 24. ಮೂಲೆ ತಿರುಗಿದ್ರೆ ಎದುರು ಗೋಡೆಗೆ 6 ಪಟ್ಟು, ಜೊತೆಗೆ ಅದೇ ಸಾಲಿನ ಉಳಿದ ಕಾಂಡ್ಯೂಟ್‌ಗಳ ಸೈಜು ಕೂಡಬೇಕು. ನಿಮಗೆ 18 + 3 + 2 = 23, ಕೆಳಗಿನ ಗೋಡೆ ಲೆಕ್ಕಾನೂ ಅಷ್ಟೇ, ಸೋ 24ರ ಬಾಕ್ಸ್ ಸೈಜು ಪಾಸ್. ಎಡವೋದು ಇನ್ನೊಂದು ಕಡೆ: ಒಂದೇ ವೈರು ಒಳಗೆ ಬಂದು ಹೊರಗೆ ಹೋಗೋ ಎರಡು ತೂತುಗಳ ನಡುವೆನೂ 6 ಪಟ್ಟು ಇರಬೇಕು, 3 ಇಂಚಿಗೆ 18, 2 ಇಂಚಿಗೆ 12. ನೀವು ಎಲ್ಲಾನೂ ಎಡಗಡೆ ಕೆಳಗಿನ ಮೂಲೆಗೆ ಒತ್ತಿ ಇಟ್ಟಿರ್ತೀರ, ಆಮೇಲೆ 3 ಇಂಚಿನ ಜೋಡಿ ಮಧ್ಯೆ 18 ಎಲ್ಲಿಂದ ಬರ್ಬೇಕು?

ಪೀಣ್ಯ_ಡ್ರಾಯಿಂಗ್: ಕರೆಕ್ಟ್ ಸರ್, ಮೂಲೆಗೇ ಒತ್ತಿದೀವಿ, ಪೈಪ್ ಉಳಿಸೋಣ ಅಂತ. ಬಾಕ್ಸ್ ದೊಡ್ಡದು ಮಾಡ್ಬೇಕಾ?

ಪುಲ್‌ಬಾಕ್ಸ್_ಪುರಾಣ: ಬೇಡ. ಮೂಲೆ ಹತ್ರಕ್ಕೆ 2 ಇಂಚಿನ ಜೋಡಿ ಇಡಿ, 3 ಇಂಚಿನವು ಆಚೆಗೆ ಹೋಗ್ಲಿ, ಓರೆಯಾಗಿ ಅಂಚಿಂದ ಅಂಚಿಗೆ ಅಳೆದು 12, 18 ಬರುತ್ತಾ ನೋಡಿ. ಲಾಕ್‌ನಟ್‌ಗೂ ಜಾಗ ಬಿಟ್ಕೊಂಡ್ರೂ 24ರಲ್ಲೇ ಕೂರುತ್ತೆ. ಮುಂದೆ ಯಾರಾದ್ರೂ ಇದೇ ಪುಲ್ ಬಾಕ್ಸಲ್ಲಿ ಡಿಸ್ಟ್ರಿಬ್ಯೂಷನ್ ಬ್ಲಾಕ್ (ಒಂದು ವೈರಿಂದ ಹಲವು ವೈರ್ ಕವಲು ತೆಗೆಯೋ ಟರ್ಮಿನಲ್) ಹಾಕೋಣ ಅಂದ್ರೆ ಮಾತ್ರ ಆ ಟರ್ಮಿನಲ್‌ಗೆ ಮತ್ತೆ 312.6 ಬರುತ್ತೆ. ಅಂದಹಾಗೆ ಎನ್‌ಇಸಿ 3 ವರ್ಷಕ್ಕೊಂದ್ಸಲ ಬದಲಾಗುತ್ತೆ, ಎಲ್ಲಾ ಊರಲ್ಲೂ ಒಂದೇ ಎಡಿಷನ್ ನಡೆಯಲ್ಲ, ಆ ಊರಲ್ಲಿ ಯಾವುದು ಅಂತ ಕ್ಲೈಂಟ್‌ನ ಕೇಳಿ ಡ್ರಾಯಿಂಗ್ ನೋಟಲ್ಲೇ ಬರ್ದುಬಿಡಿ.