ಹತ್ತನೇ ದಿನಕ್ಕೇ ಆಸ್ಪತ್ರೆ ಬಿಟ್ಟು ಬಂದರು, ಮತ್ತೆ ಸೇರಿಸಿದರೆ ಉಪಯೋಗ ಇದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಿರಿಯೂರು ಕಡೆ ಒಂದು ಹಳ್ಳಿ. ಯಜಮಾನರದು ಗಾರೆ ಕೆಲಸ. ಹದಿನಾಲ್ಕು ವರ್ಷದಿಂದ ಕುಡಿಯುತ್ತಾರೆ. ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಹೋದ ತಿಂಗಳು ಆಸ್ಪತ್ರೆಗೆ ಸೇರಿಸಿದ್ದೆವು. ಡಾಕ್ಟರು ಮೂರು ವಾರ ಇರಬೇಕು ಅಂದಿದ್ದರು. ಹತ್ತನೇ ದಿನಕ್ಕೆ "ನನಗೆ ವಾಸಿಯಾಗಿದೆ" ಅಂತ ಹಟ ಮಾಡಿ ಬಂದುಬಿಟ್ಟರು. ಅಷ್ಟರಲ್ಲಿ ಸಂಘದ ಕಂತು ಎರಡು ವಾರದ್ದು ಬಾಕಿ ಬಿದ್ದಿತ್ತು. ಕೆಲಸಕ್ಕೆ ಹೋದರು. ಶನಿವಾರ ಬಟವಾಡೆ ಆದ ರಾತ್ರಿಯೇ ಕುಡಿದು ಬಂದರು. ಅತ್ತೆ "ದುಡ್ಡು ದಂಡ" ಅನ್ನುತ್ತಿದ್ದಾರೆ. ಮತ್ತೆ ಸೇರಿಸಿದರೆ ಉಪಯೋಗ ಇದೆಯಾ?

ಉತ್ತರ (ಆಸ್ಪತ್ರೆಯ ವ್ಯಸನ ಮುಕ್ತಿ ವಿಭಾಗದ ಸಮಾಜ ಕಾರ್ಯಕರ್ತೆ): ಖಂಡಿತ ಇದೆ ಅಕ್ಕ. ಆ ಹತ್ತು ದಿನ ದಂಡ ಅಲ್ಲ. ಕುಡಿತ ನಿಲ್ಲಿಸಿದ ಒಂದು ದಿನದೊಳಗೆ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದವರು ಕಾಣುತ್ತಾರೆ, ಹಗಲು ರಾತ್ರಿ ತಿಳಿಯೋದಿಲ್ಲ. ಇದರಿಂದ ಪ್ರಾಣ ಹೋಗುವುದೂ ಉಂಟು. ಅದನ್ನು ದಾಟಿಸೋಕೇ ಆಸ್ಪತ್ರೆಯಲ್ಲಿ ಮಾತ್ರೆ ಮತ್ತು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟಿರುತ್ತಾರೆ. ಹಾಗಾಗಿ ಈಗ ಮನೆಯಲ್ಲೇ ಕೂರಿಸಿ ಒಂದೇ ಸಲ ಬಿಡಿಸೋಕೆ ಮಾತ್ರ ಹೋಗಬೇಡಿ.

ಹತ್ತನೇ ದಿನ ಅವರಿಗೆ ವಾಸಿಯಾಯಿತು ಅನ್ನಿಸಿದ್ದು ಸುಳ್ಳಲ್ಲ. ನಡುಕ ನಿಂತಿರುತ್ತದೆ, ಊಟ ಸೇರುತ್ತದೆ. ಆದರೆ ಅಲ್ಲಿಗೆ ಮುಗಿದದ್ದು ಮೈಯಿಂದ ನಂಜು ಇಳಿಸುವ ಕೆಲಸ ಮಾತ್ರ. ನಿದ್ದೆ ಸರಿಹೋಗೋಕೆ, ಸಿಟ್ಟು ಇಳಿಯೋಕೆ, ಸಂಜೆ ಆದರೆ ಬೇಕು ಅನ್ನಿಸೋದು ಕಡಿಮೆಯಾಗೋಕೆ ತಿಂಗಳುಗಳೇ ಬೇಕು. ತಿರುಗಿ ಕುಡಿಯೋರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳಲ್ಲೇ ಕುಡಿಯುತ್ತಾರೆ. ಗಾರೆ ಮೆತ್ತಿ ನೀರು ಹಾಕದೆ ಬಿಟ್ಟರೆ ಗೋಡೆ ಏನಾಗುತ್ತೆ ಅಂತ ಯಜಮಾನರನ್ನೇ ಕೇಳಿ. ಅವರಿಗೆ ಬೇಗ ಅರ್ಥವಾಗುತ್ತದೆ.

ಈಗ ಮುಖ್ಯವಾದ ಮಾತು. ಅರ್ಧಕ್ಕೆ ಬಿಟ್ಟುಹೋದವರನ್ನು ಎಲ್ಲರೂ "ಮನಸ್ಸು ಗಟ್ಟಿ ಇಲ್ಲ" ಅಂತ ಬೈಯುತ್ತಾರೆ. ನಾನು ವಾರ್ಡಿನಲ್ಲಿ ನೋಡೋದು ಬೇರೆ. ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು. ಅಂದರೆ ಒಬ್ಬರ ಚಿಕಿತ್ಸೆಗೆ ಎರಡು ಕೂಲಿ ನಿಲ್ಲುತ್ತದೆ. ಎರಡನೇ ವಾರಕ್ಕೆ ಕಂತಿನವರ ಫೋನ್ ಬರುತ್ತದೆ. ಮಕ್ಕಳು ಅಜ್ಜಿ ಹತ್ತಿರ. ಮಂಚದ ಮೇಲೆ ಸುಮ್ನೆ ಕೂತ ಗಂಡಸಿಗೆ ಆಗ "ವಾಸಿಯಾಗಿದೆ" ಅನ್ನಿಸದೆ ಇರುತ್ತಾ? ನಿಮ್ಮ ಯಜಮಾನರೂ ಕೆಲಸಕ್ಕೆ ಅಂತಲೇ ಎದ್ದು ಬಂದಿದ್ದಾರೆ ಅಂತ ನನಗನ್ನಿಸುತ್ತದೆ.

ಆದ್ದರಿಂದ ಈ ಸಲ ದುಡ್ಡಿನ ದಾರಿ ಮೊದಲು ಮಾಡಿಕೊಳ್ಳಿ. ಸಂಘದಲ್ಲಿ ಮುಂಚೆಯೇ ಹೇಳಿ ಮೂರು ವಾರದ ಕಂತಿಗೆ ಸಮಯ ಕೇಳಿ. ನಾಚಿಕೆ ಬೇಡ, ಆ ಸಂಘದಲ್ಲಿ ನಿಮ್ಮಂಥ ಮನೆ ಇನ್ನೂ ಇರುತ್ತದೆ. ಮಳೆಗಾಲದಲ್ಲಿ ಗಾರೆ ಕೆಲಸ ಕಡಿಮೆ ಅಲ್ವಾ, ತಡೆಯುವ ಹಾಗಿದ್ದರೆ ಆಗ ಸೇರಿಸಿ. ಆದರೆ ಫಿಟ್ಸ್ ಬಂದಿದ್ದರೆ, ಕಣ್ಣು ಹಳದಿಯಾಗಿದ್ದರೆ, ರಕ್ತ ವಾಂತಿ ಆಗಿದ್ದರೆ ಕಾಯಬೇಡಿ. ನಿಮ್ಮ ಬದಲು ವಾರದಲ್ಲಿ ಎರಡು ದಿನ ಅಣ್ಣನೋ ಮೈದುನನೋ ಆಸ್ಪತ್ರೆಯಲ್ಲಿ ಇರಲಿ. ಮತ್ತೆ, ಡಾಕ್ಟರನ್ನು ನೇರವಾಗಿ ಕೇಳಿ: "ಒಂದು ವಾರ ಇಲ್ಲಿದ್ದು, ಆಮೇಲೆ ಹೊರರೋಗಿಯಾಗಿ ಬಂದರೆ ಆಗುತ್ತಾ?" ಎಷ್ಟೋ ಜನಕ್ಕೆ ಆಗುತ್ತದೆ. ಹೇಳದೆ ಬಿಟ್ಟುಬರುವುದಕ್ಕಿಂತ ಕೇಳಿ ಬರುವುದು ಎಷ್ಟೋ ಮೇಲು.

ಮನೆಗೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಮುಂದುವರಿಸಬಹುದು. "ಮನೋಚೈತನ್ಯ" ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ಅಲ್ಲಿಗೇ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಳ್ಳಿ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಚಾರ್ಜಿಲ್ಲ. ಅವರಿಗೆ ರಜೆ ಸಿಗದ ದಿನ ನೀವೊಬ್ಬರೇ ಆದರೂ ಹೋಗಿ ಡಾಕ್ಟರಿಗೆ ಪರಿಸ್ಥಿತಿ ಹೇಳಿ, ಮಾತ್ರೆ ತಪ್ಪಬಾರದು. ಶನಿವಾರದ ಬಟವಾಡೆ ನಿಮ್ಮ ಖಾತೆಗೆ ಹಾಕುವಂತೆ ಮೇಸ್ತ್ರಿಗೆ ಯಜಮಾನರ ಬಾಯಿಂದಲೇ ಹೇಳಿಸಿ. ಮೊದಲ ಮೂರು ತಿಂಗಳು ಶನಿವಾರ ಸಂಜೆ ನೀವೇ ಕೆಲಸದ ಜಾಗಕ್ಕೆ ಹೋಗಿ ಜೊತೆಯಲ್ಲಿ ಬನ್ನಿ.

2019ರಲ್ಲಿ ಕೇಂದ್ರ ಸರ್ಕಾರ ಒಂದು ಸಮೀಕ್ಷೆ ಪ್ರಕಟಿಸಿತು. ಕುಡಿತದ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು. ನಿಮ್ಮ ಯಜಮಾನರು ಅಲ್ಲಿವರೆಗೆ ಬಂದವರು. ಅತ್ತೆಗೆ ಇದನ್ನು ಹೇಳಿ.

ಇನ್ನೊಬ್ಬ ಸದಸ್ಯರು: ಮೇಡಂ, ನನ್ನ ತಮ್ಮ ಆಸ್ಪತ್ರೆಗೆ ಬರೋದೇ ಇಲ್ಲ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸೋ ಪುಡಿ ಮಾರುತ್ತಾರಲ್ಲ, ಅದನ್ನು ಹಾಕಬಹುದಾ?

ಉತ್ತರ: ದಯವಿಟ್ಟು ಬೇಡ ಸರ್. ಅಂಥ ಪುಡಿಯಲ್ಲಿ ಏನಿದೆ ಅಂತ ಮಾರುವವರೂ ಹೇಳೋದಿಲ್ಲ. ಕುಡಿತ ಬಿಡಿಸೋಕೆ ಡಾಕ್ಟರು ಕೊಡುವ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಪುಡಿಯಲ್ಲಿ ಅದೇ ಇದ್ದರೆ ಅಪಾಯ. ಅದನ್ನು ತಗೊಂಡವರು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ, ಎದೆ ಬಡಿತ, ಬಿಪಿ ಇಳಿಯುತ್ತದೆ, ಪ್ರಾಣಕ್ಕೇ ಬರಬಹುದು. ಅದಕ್ಕೇ ಡಾಕ್ಟರು ಲಿವರ್, ಹೃದಯ ನೋಡಿ, ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದರೆ ಮಾತ್ರ ಬರೆಯುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರುತ್ತದೆ. ಗೊತ್ತಿಲ್ಲದೆ ತಿಂದ ತಮ್ಮ ಹೊರಗೆ ಹೋಗಿ ಕುಡಿದರೆ? ಒಪ್ಪಿ ತಗೊಳ್ಳುವವರಿಗೆ ಮಾತ್ರ ಅದು ಒಳ್ಳೆಯ ಮಾತ್ರೆ. ದಿನಾ ಬೆಳಿಗ್ಗೆ ಮನೆಯವರ ಎದುರೇ ನುಂಗುವುದು ಇನ್ನೂ ಒಳ್ಳೆಯದು.

ತಮ್ಮ ಬರದಿದ್ದರೆ ನೀವೇ ಮೊದಲು ಬನ್ನಿ. ಇಲ್ಲವೇ 14446ಕ್ಕೆ ಫೋನ್ ಮಾಡಿ, ಅದು ವ್ಯಸನ ಬಿಡಿಸುವ ಉಚಿತ ಸಹಾಯವಾಣಿ. ಸರ್ಕಾರದ ಅನುದಾನದ ಉಚಿತ ಕೇಂದ್ರ ಹತ್ತಿರದಲ್ಲಿ ಎಲ್ಲಿದೆ ಅಂತಲೂ ಕೇಳಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮೊದಲು ಕೇಳಿದವರು: ತುಂಬಾ ಉಪಕಾರ ಮೇಡಂ. ಯಜಮಾನರು ಅರ್ಧ ಮನಸ್ಸಿನಲ್ಲಿ ಒಪ್ಪಿದ್ದಾರೆ. ಆದರೆ ಆಸ್ಪತ್ರೆ ಬೇಡ, ಪಕ್ಕದ ಊರಲ್ಲಿ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ಇದೆ, ಅಲ್ಲಿಗೆ ಹೋಗ್ತೀನಿ ಅಂತಾರೆ.

ಉತ್ತರ: ಶಿಬಿರದಿಂದ ಕುಡಿತ ಬಿಟ್ಟವರನ್ನು ನಾನೂ ನೋಡಿದ್ದೇನೆ. ಸುಮಾರು ಎಂಟು ದಿನ ಅಷ್ಟೇ, ಊರ ಹತ್ತಿರವೇ ಇರುತ್ತದೆ, ಕೂಲಿಯೂ ಜಾಸ್ತಿ ದಿನ ನಿಲ್ಲೋದಿಲ್ಲ. ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಇದೆ. ನನಗೆ ಅದರಲ್ಲಿ ಹಿಡಿಸೋದೇ ಆ ಸಮಿತಿ, ಸಂಜೆ ಜೊತೆಗಾರರು ಬೇಕಲ್ವಾ. ಆದರೆ ನಿಮ್ಮ ಯಜಮಾನರಿಗೆ ಬೆಳಿಗ್ಗೆ ಕೈ ನಡುಗುತ್ತದೆ. ಅದಕ್ಕೆ ಮೊದಲು ಮನೋವೈದ್ಯರಿಗೆ ತೋರಿಸಿ, ಅವರು ಸರಿ ಅಂದರೆ ಶಿಬಿರಕ್ಕೆ ಕಳಿಸಿ. ಹಿಂದೆ ಫಿಟ್ಸ್ ಬಂದಿದ್ದರೆ ಶಿಬಿರದವರಿಗೂ ಮುಚ್ಚಿಡದೆ ಹೇಳಿ. ಒಪ್ಪಿರುವಾಗಲೇ ಹೊರಡಿಸಿ, ಇನ್ನೊಂದು ಶನಿವಾರ ಬರುವುದರೊಳಗೆ. ಹೋಗುವಾಗ ಬಿಪಿಎಲ್ ಕಾರ್ಡ್, ಆಧಾರ್ ಮತ್ತು ಹೋದ ತಿಂಗಳ ಆಸ್ಪತ್ರೆ ಚೀಟಿ ಚೀಲದಲ್ಲಿ ಇಟ್ಟುಕೊಳ್ಳಿ. ಯಾವ ಮಾತ್ರೆ ಅವರಿಗೆ ಹಿಡಿಸಿತ್ತು ಅಂತ ಅದರಲ್ಲೇ ಇರುತ್ತದೆ.